ಓದುವ ಊರಿನಲ್ಲಿ ಎರಡು ದಿನದ ಪ್ರವಾಸ

ನಮ್ಮ ವ್ಯಾಪಾರಸ್ಥ ಮನೆತನಗಳಲ್ಲಿ ಮಕ್ಕಳನ್ನು ಬೇರೆ ಊರಿಗೆ ಓದಲು ಕಳಿಸುವುದು ಇಂದು ನಿನ್ನೆಯ ರೂಢಿಯಲ್ಲ. 1899ರಲ್ಲಿ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯ ಸ್ಥಾಪನೆಯಾದ ಮೇಲೆ ಕೊಲ್ಹಾಪುರ, ಸಾಂಗಲಿ, ಬೆಳಗಾವಿ, ಹುಬ್ಬಳ್ಳಿಗಳಲ್ಲಿ ಜೈನ ಬೋರ್ಡಿಂಗುಗಳಾದವು. ಹಳ್ಳಿಯ ಹುಡುಗರು ಟ್ರಂಕು ಹೊತ್ತು ಅಲ್ಲಿ ಹೋಗಿ ಓದಿ ವಕೀಲರಾದರು, ಡಾಕ್ಟರಾದರು, ಮಾಸ್ತರರಾದರು. ಆದರೆ ಅಲ್ಲಿ ನಾಲ್ಕಾರು ವರ್ಷ ಇದ್ದು ಬಂದ ಹಿರಿಯರನ್ನು ಕೇಳಿ ನೋಡಿರಿ: ಆ ಊರಿನಲ್ಲಿ ಏನೇನು ನೋಡಿದಿರಿ? ಬೋರ್ಡಿಂಗಿನ ಬಸದಿ, ಊಟದ ಮನೆ, ಶಾಲೆಯ ದಾರಿ. ಸೂಟಿ ಸಿಕ್ಕರೆ ನೇರವಾಗಿ ಮನೆಗೆ.

ಈಗಲೂ ಅದೇ ನಡೆದಿದೆ. ಇಂಡಿ, ವಿಜಯಪುರ, ಆಳಂದ, ಕಲಬುರ್ಗಿ ಕಡೆಯ ಎಷ್ಟೋ ಮಕ್ಕಳು ಸೊಲ್ಲಾಪುರದಲ್ಲಿ ಓದುತ್ತಾರೆ. ಇಲ್ಲಿ 1963ರಲ್ಲಿ ಆರಂಭವಾದ ವೈಶಂಪಾಯನ ವೈದ್ಯಕೀಯ ಕಾಲೇಜು ಇದೆ, 1983ರಲ್ಲಿ ಆರಂಭವಾದ ವಾಲಚಂದ ಇಂಜಿನಿಯರಿಂಗ್ ಕಾಲೇಜು ಇದೆ, ಹೀರಾಚಂದ ನೇಮಚಂದ ಹೆಸರಿನ ವಾಣಿಜ್ಯ ಕಾಲೇಜು ಇದೆ. ಶುಕ್ರವಾರ ಸಂಜೆ ಬಸ್ ಸ್ಟ್ಯಾಂಡಿಗೆ ಹೋದರೆ ಹೆಗಲಿಗೆ ಚೀಲ ಹಾಕಿಕೊಂಡು ಊರಿನ ಬಸ್ಸು ಕಾಯುವ ಮಕ್ಕಳ ಸಾಲೇ ಕಾಣುತ್ತದೆ. ತೊಳೆಯುವ ಬಟ್ಟೆ ಹೋಗುತ್ತವೆ, ರೊಟ್ಟಿ-ಚಟ್ನಿಯ ಡಬ್ಬಿ ಬರುತ್ತವೆ.

ಇದೇ ಮಕ್ಕಳು ಮುಂದೆ ಜರ್ಮನಿಗೋ ಇಂಗ್ಲೆಂಡಿಗೋ ಓದಲು ಹೋದರೆ, ಶನಿವಾರ ಭಾನುವಾರ ಬಂತೆಂದರೆ ಸಾಕು, ರೈಲು ಹತ್ತಿ ಯಾವುದೋ ಕೋಟೆ, ಯಾವುದೋ ನದಿ, ಯಾವುದೋ ಹಳೆಯ ಪೇಟೆ ನೋಡಿ ಫೋಟೋ ಕಳಿಸುತ್ತಾರೆ. ತಾಯಿ ಅದನ್ನು ನೆರೆಹೊರೆಯವರಿಗೆಲ್ಲ ತೋರಿಸುತ್ತಾಳೆ. ನಮ್ಮ ಪರಿಚಯದ ಒಬ್ಬ ಹುಡುಗ ಹೀಗೆ ಹತ್ತಾರು ಕೋಟೆ ನೋಡಿದ್ದಾನಂತೆ. ಸೊಲ್ಲಾಪುರದಲ್ಲಿ ನಾಲ್ಕು ವರ್ಷ ಇದ್ದವನು, ಇಲ್ಲಿನ ಭುಯಿಕೋಟೆಯ ಒಳಗೆ ಕಾಲಿಟ್ಟಿಲ್ಲ.

ಇದರಲ್ಲಿ ಮಕ್ಕಳ ತಪ್ಪು ಕಡಿಮೆ, ತಂದೆ-ತಾಯಿಗಳ ಅಂಜಿಕೆ ಹೆಚ್ಚು ಎಂಬುದು ನಮ್ಮ ಅಭಿಪ್ರಾಯ. ತಿರುಗಾಡಲು ಬಿಟ್ಟರೆ ಊಟ ತಪ್ಪುತ್ತದೆ, ಊಟ ತಪ್ಪಿದರೆ ರಾತ್ರಿ ಭೋಜನವಾಗುತ್ತದೆ, ಹೋಟೆಲಿನಲ್ಲಿ ಆಲೂಗಡ್ಡೆ, ಉಳ್ಳಾಗಡ್ಡಿ ಬರುತ್ತದೆ, ಜೊತೆ ಸರಿಯಿಲ್ಲದಿದ್ದರೆ ಇನ್ನೇನೋ ಆಗುತ್ತದೆ. ಹೆಣ್ಣು ಮಗಳಾದರೆ ಈ ಪಟ್ಟಿ ಇನ್ನೂ ಉದ್ದ. ಅಂಜಿಕೆ ಸುಳ್ಳಲ್ಲ. ಆದರೆ ಇಪ್ಪತ್ತೊಂದು ವರ್ಷ ಕೈ ಹಿಡಿದೇ ನಡೆಸಿದ ಮಗಳನ್ನು ಒಮ್ಮೆಲೇ ವಿಮಾನ ಹತ್ತಿಸುವುದು ಯಾವ ಲೆಕ್ಕ? ಹೊಸ ಗಿರಾಕಿಗೆ ಮೊದಲ ದಿನವೇ ಲಾರಿ ತುಂಬ ಮಾಲು ಉದ್ರಿ ಕೊಡುವ ವ್ಯಾಪಾರಿ ಯಾರಿದ್ದಾನೆ? ಮೊದಲು ಒಂದು ಚೀಲ ಕೊಟ್ಟು ನೋಡುತ್ತೇವೆ.

ಈ ಮಾತು ನಮ್ಮ ಮನೆತನದಲ್ಲೇ ಬಂದಿತು. ನಮ್ಮ ತಂಗಿಯ ಮಗ ಇಂಡಿಯಲ್ಲಿ ಕಿರಾಣಿ ವ್ಯಾಪಾರಿ. ಅವನ ಮಗಳು ಸೊಲ್ಲಾಪುರದಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ಓದುತ್ತಾಳೆ, ಹಾಸ್ಟೆಲಿನಲ್ಲಿರುತ್ತಾಳೆ; ಇಲ್ಲಿ ಆಕೆಗೆ ಹಿರಿಯರೆಂದರೆ ನಾವೇ. ಮುಂದಿನ ಓದಿಗೆ ಜರ್ಮನಿಗೆ ಹೋಗಬೇಕೆಂದು ಆಕೆಯ ಆಸೆ. ಅಲ್ಲಿನ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಕಲಿಕೆಯ ಶುಲ್ಕವಿಲ್ಲ. ಆದರೆ ಒಂದು ವರ್ಷದ ಖರ್ಚಿನ ಹಣವನ್ನು ಮೊದಲೇ ಅಲ್ಲಿಯ ಖಾತೆಯಲ್ಲಿ ಕಟ್ಟಿ ತೋರಿಸಬೇಕು. 2024ರ ಸೆಪ್ಟೆಂಬರಿನಿಂದ ಆ ಮೊತ್ತ 11,904 ಯೂರೊ. ಈ ಹಣ ಹೊಂದಿಸುವುದು ನಮ್ಮ ಅಳಿಯನಿಗೆ ಕಷ್ಟ, ಅಸಾಧ್ಯವಲ್ಲ. ಅವನ ತೊಡಕು ಹಣದ್ದಲ್ಲ.

"ಮಾಮಾ, ಮೂರು ವರ್ಷದಾಗ ಆಕಿ ಹಾಸ್ಟೆಲು ಬಿಟ್ಟು ಮನಿಗೆ, ಮನಿ ಬಿಟ್ಟು ಹಾಸ್ಟೆಲಿಗೆ. ಬ್ಯಾರೆ ಊರ ಕಂಡಾಕಿ ಅಲ್ಲ. ಅಲ್ಲಿ ಹೋಗಿ ಹ್ಯಾಂಗ ಇರ್ತಾಳ್ರಿ?" ಎಂದು ಫೋನಿನಲ್ಲಿ ಕೇಳಿದ. ಅವನ ತಾಯಿಯದು, ಅಂದರೆ ನಮ್ಮ ತಂಗಿಯದು, ಒಂದೇ ಮಾತು: "ಹುಡುಗಿ ರಾತ್ರಿ ಉಣ್ಣಾಕ ಕಲೀತಾಳ." ಹುಡುಗಿ ನಾಲ್ಕು ಜನ ಗೆಳತಿಯರು ಕೂಡಿ ಅಕ್ಕಲಕೋಟಿಗೆ ಹೋಗಿ ಬರುತ್ತೇವೆಂದು ಕೇಳಿದಾಗ, ಓದಲು ಕಳಿಸಿದ್ದೇವೆ, ತಿರುಗಾಡಲು ಅಲ್ಲ ಎಂದು ಬೇಡವೆಂದಿದ್ದನಂತೆ.

ನಾವು ಅವನಿಗೆ ಹೇಳಿದೆವು: "ಜರ್ಮನಿಗೆ ಕಳಿಸೂದು ಆಮೇಲೆ ಆತು. ಮೊದಲು ಅಕ್ಕಲಕೋಟಿಗೆ ಕಳಿಸಿ ನೋಡು."

ಕೊನೆಗೆ ಒಪ್ಪಿದ. ಎರಡು ಕರಾರು: ಊಟ ಹೊತ್ತು ಮುಳುಗುವ ಮೊದಲು, ಮನೆ ಸೇರುವುದೂ ಹೊತ್ತು ಮುಳುಗುವ ಮೊದಲು. ನಾವು ಜೊತೆಗಿರಬೇಕು ಎಂದೂ ಹೇಳಿದ. ಅದಕ್ಕೆ ನಮ್ಮದೊಂದು ಕರಾರು ಸೇರಿಸಿದೆವು: ಜೊತೆಗೆ ಬರುತ್ತೇವೆ, ಆದರೆ ಬಾಯಿ ತೆರೆಯುವುದಿಲ್ಲ. ಬಸ್ಸು, ಊಟ, ನೀರು, ದುಡ್ಡು, ಎಲ್ಲ ಹುಡುಗಿಯ ಕೈಯಲ್ಲಿ. ಎರಡು ಸಾವಿರ ರೂಪಾಯಿ ಎಣಿಸಿ ಕೊಟ್ಟೆವು. ಡಿಸೆಂಬರಿನ ಒಂದು ಶನಿವಾರ ಗೊತ್ತಾಯಿತು. ಅಕ್ಕಲಕೋಟಿಗೆ ಗುರುವಾರ ಹೋಗಬಾರದು, ಅಂದು ಭಕ್ತರ ನೂಕುನುಗ್ಗಲು. ಇದನ್ನು ಹುಡುಗಿ ತಾನೇ ವಿಚಾರಿಸಿಕೊಂಡಿದ್ದಳು.

ಶುಕ್ರವಾರ ರಾತ್ರಿಯೇ ನಾಲ್ವರೂ ನಮ್ಮ ಮನೆಗೆ ಬಂದರು. ಒಬ್ಬಳು ಜಮಖಂಡಿಯವಳು, ಒಬ್ಬಳು ಸೇಡಂನವಳು, ಇಬ್ಬರೂ ನಮ್ಮ ಸಮಾಜದವರು. ನಾಲ್ಕನೆಯವಳು ಆಳಂದದ ಲಿಂಗಾಯತರ ಮನೆಯ ಹುಡುಗಿ. ಬೆಳಗಿನ ಐದಕ್ಕೆ ಎದ್ದು ನಮ್ಮ ಮನೆಯವರ ಜೊತೆ ಚಪಾತಿ, ಮಡಕಿ ಕಾಳಿನ ಪಲ್ಯ, ಬೆಳ್ಳುಳ್ಳಿ ಹಾಕದ ಶೇಂಗಾ ಹಿಂಡಿ ಮಾಡಿಕೊಂಡರು. ನೀರನ್ನು ಸೋಸಿ ಕುದಿಸಿ ತುಂಬಿಕೊಂಡರು. ಸೋಸಿದ ನೀರಿಗೆ ಎರಡು ಗಳಿಗೆ, ಲವಂಗ ಹಾಕಿದರೆ ಆರು ತಾಸು, ಕುದಿಸಿದರೆ 24 ತಾಸು ಎಂಬ ಲೆಕ್ಕ ಆಕೆಗೆ ಅಜ್ಜಿಯಿಂದ ಬಂದದ್ದು. ಬಸದಿಗೆ ಹೋಗಿ ದರ್ಶನ ಮಾಡಿ ಬಸ್ ಸ್ಟ್ಯಾಂಡಿಗೆ ಬಂದೆವು. ಮಹಾರಾಷ್ಟ್ರದ ಸರಕಾರಿ ಬಸ್ಸುಗಳಲ್ಲಿ 2023ರ ಮಾರ್ಚಿನಿಂದ ಹೆಣ್ಣು ಮಕ್ಕಳಿಗೆ ಅರ್ಧ ಟಿಕೀಟು. ವಯಸ್ಸಾದ ನಮಗೂ ಅರ್ಧ. ಐದು ಜನ ಹೋಗಿ ಎರಡೂವರೆ ಜನರ ದುಡ್ಡು ಕೊಟ್ಟೆವು. ಇಂಥ ವ್ಯಾಪಾರ ದಿನಾ ಸಿಗುವುದಿಲ್ಲ.

ಸೊಲ್ಲಾಪುರದಿಂದ ಅಕ್ಕಲಕೋಟೆ ಸುಮಾರು 40 ಕಿಲೋಮೀಟರು. ರೈಲಿನಿಂದ ಹೋಗುವವರು ಒಂದು ಮಾತು ನೆನಪಿಡಬೇಕು: ಅಕ್ಕಲಕೋಟ ರೋಡ್ ಸ್ಟೇಶನ್ನು ಊರಿನಿಂದ ಹತ್ತು ಕಿಲೋಮೀಟರಿಗೂ ಹೆಚ್ಚು ದೂರ. ಬಸ್ಸೇ ಅನುಕೂಲ. ದಾರಿಯ ಎರಡೂ ಬದಿಗೆ ಹಿಂಗಾರಿ ಜೋಳ ಎದ್ದು ನಿಂತಿತ್ತು, ತೊಗರಿ ಕಟಾವಿಗೆ ಬಂದಿತ್ತು. ಜಮಖಂಡಿಯ ಹುಡುಗಿ ಕೇಳಿದಳು: "ಅಜ್ಜಾ, ಶೇಂಗಾನೂ ನೆಲದಾಗ ಬೆಳೀತದಲ್ರಿ, ಅದು ಹ್ಯಾಂಗ ನಡೀತದ?" ಬಾಯಿ ತೆರೆಯುವುದಿಲ್ಲವೆಂದು ಕರಾರಿದ್ದರೂ ಧರ್ಮದ ಪ್ರಶ್ನೆ ಬಂದಾಗ ಸುಮ್ಮನಿರಲಾಗಲಿಲ್ಲ. ಶೇಂಗಾ ನೆಲದಲ್ಲಿ ಬೆಳೆದರೂ ಬೀಜ, ಗಡ್ಡೆಯಲ್ಲ. ಒಂದು ಬೀಜಕ್ಕೆ ಒಂದು ಜೀವ. ಗಡ್ಡೆಯ ಹಾಗೆ ಅನಂತಕಾಯವಲ್ಲ. "ಹಂಗಾದ್ರ ಜರ್ಮನ್ಯಾಗ ಶೇಂಗಾ ಸಿಗ್ತಾವೇನ?" ಎಂದು ಇನ್ನೊಬ್ಬಳು ಕೇಳಿದಳು. ಸಿಗುತ್ತವೆ ಎಂದು ನಮ್ಮ ಮೊಮ್ಮಗಳು ಉತ್ತರ ಕೊಟ್ಟಳು. ಆದರೆ ಅಲ್ಲಿ ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವಂತೆ, ಬೇಕಾದ್ದನ್ನು ಶನಿವಾರವೇ ತಂದಿಟ್ಟುಕೊಳ್ಳಬೇಕಂತೆ. ಕಾಯ್ದೆಯಿಂದಲೇ ಕಿರಾಣಿ ಅಂಗಡಿ ಮುಚ್ಚಿಸುವ ದೇಶವೂ ಇದೆ ಎಂಬುದು ನಮಗೆ ಹೊಸ ಸುದ್ದಿ.

ಅಕ್ಕಲಕೋಟೆ ಮಹಾರಾಷ್ಟ್ರದ ತಾಲೂಕು, ಆದರೆ ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಕಿವಿಗೆ ಬೀಳುವುದು ಕನ್ನಡ. ಕನ್ನಡ ಶಾಲೆಗಳೂ ಈ ತಾಲೂಕಿನಲ್ಲಿವೆ. ಆಳಂದದ ಹುಡುಗಿ ಮರಾಠಿಯಲ್ಲಿ ತಡವರಿಸುತ್ತ ದಾರಿ ಕೇಳಿದಳು. ಹೂ ಮಾರುವ ಮುದುಕಿ "ಕನ್ನಡದಾಗ ಕೇಳವ್ವಾ" ಅಂದಳು. ಗಡಿಯ ತಕರಾರು ದೊಡ್ಡವರಿಗೆ ಬಿಟ್ಟದ್ದು. ಪೇಟೆಯಲ್ಲಿ ಗಿರಾಕಿಯ ಭಾಷೆಯೇ ಭಾಷೆ.

ಊರಿಗೆ ಈಗಿನ ಹೆಸರು ಬಂದದ್ದು ಸ್ವಾಮಿ ಸಮರ್ಥರಿಂದ. ಅವರು 1856ರಲ್ಲಿ ಇಲ್ಲಿಗೆ ಬಂದರು, 22 ವರ್ಷ ಇದ್ದು 1878ರಲ್ಲಿ ದೇಹ ಬಿಟ್ಟರು. ಅವರು ಕುಳಿತ ಆಲದ ಮರದ ಸುತ್ತ ವಟವೃಕ್ಷ ಮಂದಿರ ಬೆಳೆದಿದೆ. ಜೈನರು ಇಲ್ಲಿಗೆ ಹೋಗಬಹುದೇ ಎಂದು ಕೆಲವರು ಕೇಳುತ್ತಾರೆ. ನಮ್ಮ ನಮಸ್ಕಾರ ಯಾರಿಗೆ ಎಂಬುದು ಮನಸ್ಸಿನಲ್ಲಿ ಗಟ್ಟಿಯಿದ್ದವರಿಗೆ ನೋಡಲು ಅಡ್ಡಿಯೇನು? ಹುಡುಗಿಯರು ಹೊರಗೆ ಚಪ್ಪಲಿ ಬಿಟ್ಟು ಸಾಲಿನಲ್ಲಿ ನಿಂತು ನೋಡಿ ಬಂದರು. ಅಲ್ಲಿನ ಅನ್ನಛತ್ರದಲ್ಲಿ ಬಂದವರಿಗೆಲ್ಲ ದುಡ್ಡಿಲ್ಲದೆ ಊಟ. ಪಂಕ್ತಿಯ ಮೇಲೆ ಪಂಕ್ತಿ ಏಳುವುದನ್ನು, ಬಡಿಸುವವರ ಶಿಸ್ತನ್ನು ನಾವು ಬಹಳ ಹೊತ್ತು ನಿಂತು ನೋಡಿದೆವು. ನಮ್ಮ ಪೂಜೆ-ಪ್ರತಿಷ್ಠೆಗಳ ಊಟದ ವ್ಯವಸ್ಥೆ ವಹಿಸುವವರು ಇದನ್ನೊಮ್ಮೆ ಹೋಗಿ ನೋಡಬೇಕು. ಆಳಂದದ ಹುಡುಗಿ ಅಲ್ಲಿ ಪ್ರಸಾದ ತೆಗೆದುಕೊಂಡಳು. ಉಳಿದ ಮೂವರು ಡಬ್ಬಿ ಬಿಚ್ಚಿದರು. ಒಬ್ಬರಿಗೊಬ್ಬರು ಏನೂ ಹೇಳಲಿಲ್ಲ, ಕಾಯ್ದರು, ಕೂಡಿ ಹೊರಟರು.

ಮಧ್ಯಾಹ್ನ ರಾಜವಾಡೆಯ ಶಸ್ತ್ರಾಗಾರ. ಅಕ್ಕಲಕೋಟೆ ಭೋಸಲೆಯವರ ಸಂಸ್ಥಾನವಾಗಿತ್ತು. ಮೂಲಪುರುಷ ಫತೇಸಿಂಹ ಹುಟ್ಟಿನಿಂದ ಲೋಖಂಡೆ ಮನೆತನದ ಹುಡುಗ. ಛತ್ರಪತಿ ಶಾಹು ಮಹಾರಾಜರು ಮೊಗಲರ ಸೆರೆಯಿಂದ ಬಿಡುಗಡೆಯಾಗಿ ದಕ್ಷಿಣಕ್ಕೆ ಬರುವಾಗ, ಪಾರದ ಎಂಬ ಹಳ್ಳಿಯ ಪಾಟೀಲನ ವಿಧವೆ ತನ್ನ ಕೂಸನ್ನು ಅವರ ಕಾಲ ಮೇಲೆ ಹಾಕಿದಳು, ಅವರು ಅದನ್ನು ಮಗನಂತೆ ಬೆಳೆಸಿದರು. ಸಂಸ್ಥಾನ 1948ರಲ್ಲಿ ವಿಲೀನವಾಯಿತು. ಕತ್ತಿ, ಭರ್ಚಿ, ಬಂದೂಕುಗಳು ಗೋಡೆ ತುಂಬ. ಅಹಿಂಸಾ ಧರ್ಮದವರು ಇಷ್ಟು ಹೊತ್ತು ಕತ್ತಿ ನೋಡುವುದೇ ಎಂದು ನಮಗೆ ಬೇಗ ಸಾಕಾಯಿತು. ಇಂಜಿನಿಯರಿಂಗ್ ಓದುವ ಹುಡುಗಿಯರು ಮಾತ್ರ ಬಂದೂಕಿನ ಚಾಪು ಹೇಗೆ ಕೆಲಸ ಮಾಡುತ್ತದೆ ಎಂದು ಬಗ್ಗಿ ಬಗ್ಗಿ ನೋಡಿದರು.

ನಾಲ್ಕೂವರೆಗೆ ಬಸ್ ಸ್ಟ್ಯಾಂಡಿಗೆ ಬಂದೆವು. ಮುಖ್ಯ ಸಂಗತಿ ಆದದ್ದು ಇಲ್ಲಿ.

ಡಿಸೆಂಬರಿನಲ್ಲಿ ನಮ್ಮ ಕಡೆ ಸೂರ್ಯಾಸ್ತ ಆರಕ್ಕೆ ಕೆಲವೇ ನಿಮಿಷ ಮೊದಲು. ಸೂರ್ಯಾಸ್ತಕ್ಕೆ ಎರಡು ಗಳಿಗೆ, ಅಂದರೆ 48 ನಿಮಿಷ ಇರುವಾಗಲೇ ಊಟ ಮುಗಿಸುವ ನೇಮ ನಮ್ಮ ತಂಗಿಯ ಮನೆಯದು. ಹಾಗಾದರೆ ಐದಕ್ಕೆ ಊಟ ಮುಗಿಯಬೇಕು. ಸೊಲ್ಲಾಪುರ ಮುಟ್ಟಿ ಉಣ್ಣುವುದು ಆಗದ ಮಾತು. ಬಸ್ಸು ಬರಲಿಲ್ಲ, ಜನ ಸೇರುತ್ತಲೇ ಇದ್ದರು. ನಾಲ್ಕು ಮುಕ್ಕಾಲಿಗೆ ಹುಡುಗಿ ಬೆಂಚಿನ ಮೇಲೆ ಡಬ್ಬಿ ಬಿಚ್ಚಿದಳು. ಉಳಿದವರಿಗೆ, ನಮಗೆ ಬಡಿಸಿ ಕೊನೆಗೆ ತಾನು ಹಾಕಿಕೊಂಡಳು. ಒಂದು ಚಪಾತಿ ಮುಗಿಯುವುದರೊಳಗೆ ಬಸ್ಸು ಬಂದೇ ಬಿಟ್ಟಿತು. ಜನ ಎದ್ದು ಓಡಿದರು.

ತಂದೆಯ ಎರಡು ಕರಾರು ಒಂದಕ್ಕೊಂದು ಎದುರಾದವು. ಕುಳಿತು ಉಂಡರೆ ಬಸ್ಸು ಹೋಗುತ್ತದೆ, ಮುಂದಿನದು ಯಾವಾಗಲೋ, ಮನೆ ಸೇರುವುದು ಪೂರ್ತಿ ಕತ್ತಲಾದ ಮೇಲೆ. ಎದ್ದರೆ ಊಟ ಅರ್ಧಕ್ಕೆ ನಿಲ್ಲುತ್ತದೆ. ನಾಲಿಗೆಯ ತುದಿಗೆ ಬಂದ ಮಾತನ್ನು ನಾವು ನುಂಗಿಕೊಂಡೆವು. ಹುಡುಗಿ ಅರೆಗಳಿಗೆ ಬಸ್ಸು ನೋಡಿದಳು, ತಟ್ಟೆ ನೋಡಿದಳು. ತಟ್ಟೆಯಲ್ಲಿದ್ದ ತುತ್ತು ಮುಗಿಸಿ, ನೀರು ಕುಡಿದು, ಡಬ್ಬಿ ಮುಚ್ಚಿದಳು. "ಏಳ್ರಿ ಅಜ್ಜಾ, ಹೋಗೂಣು" ಎಂದಳು. ಅಷ್ಟರೊಳಗೆ ಆಳಂದದ ಹುಡುಗಿ ಓಡಿ ಹೋಗಿ ಕಿಟಕಿಯಿಂದ ದುಪಟ್ಟಾ ಹಾಕಿ ನಮಗೊಂದು ಸೀಟು ಹಿಡಿದಿದ್ದಳು. ಹುಡುಗಿಯರು ನಿಂತೇ ಬಂದರು. ಬಸ್ಸು ಹೊರಟ ಮೇಲೆ ಹುಡುಗಿ ಇಂಡಿಗೆ ಫೋನು ಮಾಡಿದಳು: "ಪಪ್ಪಾ, ಬಸ್ಸು ತಡಾ ಆತು. ಮನಿ ಮುಟ್ಟೂದರಾಗ ಕತ್ತಲಾಗ್ತದ. ನಾಕೂ ಮಂದಿ ಅದೀವಿ, ಅಜ್ಜಾ ಅದಾರ." ಅಷ್ಟೇ. ನಾವು ಮನೆ ಮುಟ್ಟಿದಾಗ ಆರೂಕಾಲು. ನಮ್ಮ ಮನೆಯವರು ಹಾಲಾದರೂ ಕುಡಿ ಎಂದರು. ಹುಡುಗಿ ಬೇಡವೆಂದು ಮಲಗಿದಳು. ಒಂದು ಚಪಾತಿಯ ಮೇಲೆ ಬೆಳಗಿನತನಕ ಇದ್ದಳು.

ಭಾನುವಾರ ಸೊಲ್ಲಾಪುರ. ಈ ಊರಿನ ನಡುವೆ ಸಿದ್ಧೇಶ್ವರನ ಕೆರೆ, ಕೆರೆಯ ನಡುವೆ ಗುಡಿ. ವಚನಕಾರ ಸಿದ್ಧರಾಮರು 12ನೆಯ ಶತಮಾನದಲ್ಲಿ ಕೆರೆ ಕಟ್ಟಿಸಿ, ಊರ ಸುತ್ತ 68 ಲಿಂಗಗಳನ್ನು ಸ್ಥಾಪಿಸಿದರೆಂದು ಪ್ರತೀತಿ. ಸಂಕ್ರಾಂತಿಗೆ ಏಳು ನಂದಿಧ್ವಜಗಳು ಹೊರಡುತ್ತವೆ. ಆ ದಿನಗಳಲ್ಲಿ ಊರು ನೋಡಲು ಬರುವವರು ಜಾತ್ರೆಯನ್ನಷ್ಟೇ ನೋಡಲು ಸಾಧ್ಯ. ಸಿದ್ಧರಾಮರ ಪುರಾಣ ಬರೆದ ಜಯದೇವಿ ತಾಯಿ ಲಿಗಾಡೆ ಇದೇ ಊರಿನವರು. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು, ಆ ಪದವಿಗೆ ಬಂದ ಮೊದಲ ಮಹಿಳೆ. ಕನ್ನಡ ಹುಡುಗಿಯರಿಗೆ ಇದು ಗೊತ್ತಿರಲಿಲ್ಲ. ಕೆರೆಯ ಮಗ್ಗುಲಿಗೇ ಭುಯಿಕೋಟೆ. ಒಳಗೆ ಈಗ ಉದ್ಯಾನ, ಮಕ್ಕಳ ಗದ್ದಲ. ಅಲ್ಲಿಂದ ನಾಲ್ಕು ಹುತಾತ್ಮರ ಪುತ್ಥಳಿಗಳು: ಮಲ್ಲಪ್ಪ ಧನಶೆಟ್ಟಿ, ಜಗನ್ನಾಥ ಶಿಂದೆ, ಕಿಸನಲಾಲ ಸಾರಡಾ, ಕುರ್ಬಾನ್ ಹುಸೇನ್. 1930ರಲ್ಲಿ ಸೊಲ್ಲಾಪುರದಲ್ಲಿ ಇಂಗ್ಲಿಷರು ಲಷ್ಕರೀ ಕಾಯ್ದೆ ಹಾಕಿದರು. ಈ ನಾಲ್ವರನ್ನು 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು. ನಾಲ್ಕು ಹೆಸರು, ನಾಲ್ಕು ಮನೆತನ.

ಮುಂದಿನ ಸ್ಥಳ ಹುಡುಗಿಯೇ ಆರಿಸಿದ್ದು: ಡಾಕ್ಟರ್ ದ್ವಾರಕಾನಾಥ ಕೋಟಣೀಸ್ ಅವರು ಹುಟ್ಟಿದ ಮನೆ. ಭೈಯಾ ಚೌಕದ ಹತ್ತಿರ ಅದನ್ನು ಈಗ ಸ್ಮಾರಕ ಮಾಡಿದ್ದಾರೆ. 1910ರಲ್ಲಿ ಇಲ್ಲಿ ಹುಟ್ಟಿದ ಅವರು ಮುಂಬಯಿಯಲ್ಲಿ ವೈದ್ಯಕೀಯ ಓದಿದರು. 1938ರಲ್ಲಿ ಯುದ್ಧದಲ್ಲಿ ಸಿಕ್ಕ ಚೀನಾಕ್ಕೆ ನಮ್ಮ ದೇಶದಿಂದ ಕಾಂಗ್ರೆಸ್ಸು ಐದು ಜನ ಡಾಕ್ಟರರನ್ನು ಕಳಿಸಿತು. ಅವರಲ್ಲಿ ಒಬ್ಬರಾಗಿ ಹೋದರು. ಅಲ್ಲಿಯ ಭಾಷೆ ಕಲಿತರು, ಅಲ್ಲಿಯ ದಾದಿಯನ್ನು ಮದುವೆಯಾದರು, ಒಂದು ಗಂಡು ಮಗು ಹುಟ್ಟಿತು. ನಾಲ್ವರು ಡಾಕ್ಟರರು ತಿರುಗಿ ಬಂದರು. ಕೋಟಣೀಸ್ ಬರಲಿಲ್ಲ. 1942ರ ಡಿಸೆಂಬರ್ 9ರಂದು ಅಲ್ಲಿಯೇ ತೀರಿಕೊಂಡರು, ಆಗ ಅವರಿಗೆ 32 ವರ್ಷ.

ನಾಲ್ವರೂ ಅಲ್ಲಿ ಮಾತಿಲ್ಲದೆ ನಿಂತರು. ನಮಗೆ ಇಂಡಿಯ ನೆನಪಾಯಿತು. ಮಗಳನ್ನು ಪರದೇಶಕ್ಕೆ ಕಳಿಸಲು ಅಂಜುವ ತಂದೆಗೆ ಈ ಮನೆಯ ಸುದ್ದಿ ಮುಟ್ಟಿದರೆ ಏನೆಂದಾನು? ಮುಟ್ಟಿತು ಕೂಡ. ಹುಡುಗಿಯೇ ಫೋಟೋ ಕಳಿಸಿದ್ದಳು. ತಾಸಿನೊಳಗೆ ನಮಗೆ ಫೋನು: "ಅಲ್ಲಿಗ್ಯಾಕ ಕರಕೊಂಡು ಹೋದ್ರಿ ಮಾಮಾ?" ನಾವು ಕರೆದುಕೊಂಡು ಹೋಗಿಲ್ಲ, ಆಕೆಯೇ ನಮ್ಮನ್ನು ಕರೆದುಕೊಂಡು ಬಂದಿದ್ದಾಳೆ ಎಂದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ.

ಪರದೇಶಕ್ಕೆ ಹೋದವರೆಲ್ಲ ಕೋಟಣೀಸರ ಹಾಗೆ ಅಲ್ಲಿಯೇ ಉಳಿದವರಲ್ಲ ಎಂಬುದನ್ನೂ ಇದೇ ಊರಿನಲ್ಲಿ ತೋರಿಸಬಹುದು. ಶೇಠ್ ವಾಲಚಂದ ಹೀರಾಚಂದರು 1882ರಲ್ಲಿ ಹುಟ್ಟಿದ್ದು ಸೊಲ್ಲಾಪುರದ ದಿಗಂಬರ ಜೈನ ವ್ಯಾಪಾರಿ ಮನೆತನದಲ್ಲಿ. ಅವರ ಕಂಪನಿಯ 'ಲಾಯಲ್ಟಿ' ಹಡಗು 1919ರ ಏಪ್ರಿಲ್ 5ರಂದು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಆ ದಿನವನ್ನೇ ಇಂದಿಗೂ ರಾಷ್ಟ್ರೀಯ ನೌಕಾಯಾನ ದಿನವೆಂದು ಆಚರಿಸುತ್ತಾರೆ. ಬೆಂಗಳೂರಿನ ವಿಮಾನ ಕಾರಖಾನೆಯನ್ನು 1940ರಲ್ಲಿ ಆರಂಭಿಸಿದವರೂ ಅವರೇ. ಹೋದರು, ಕಲಿತರು, ತಂದು ಇಲ್ಲಿ ಹಾಕಿದರು.

ಊಟ ಮಧ್ಯಾಹ್ನ ನಮ್ಮ ಮನೆಯಲ್ಲಿ. ಊಟವಾದ ಮೇಲೆ ಸೇಡಂನ ಹುಡುಗಿ ನಮ್ಮ ಕಪಾಟಿನಿಂದ ಒಂದು ದಪ್ಪ ಇಂಗ್ಲಿಷ್ ಪುಸ್ತಕ ತೆಗೆದಳು. ಪಿ. ಬಿ. ದೇಸಾಯಿಯವರು ದಕ್ಷಿಣ ಭಾರತದ ಜೈನಧರ್ಮದ ಬಗ್ಗೆ ಬರೆದದ್ದು, 1957ರಲ್ಲಿ ಸೊಲ್ಲಾಪುರದ ಜೀವರಾಜ ಜೈನ ಗ್ರಂಥಮಾಲೆಯಿಂದ ಪ್ರಕಟವಾದದ್ದು. ನಮ್ಮ ಇಂಗ್ಲಿಷು ಮ್ಯಾಟ್ರಿಕ್ಕಿನದು, ಅದನ್ನು ನಾವು ಪೂರ್ತಿ ಓದಿಲ್ಲ. ಹುಡುಗಿ ಹಾಳೆ ತಿರುವುತ್ತ "ಅಜ್ಜಾ, ಇದರಾಗ ನಮ್ಮೂರ ಅದ!" ಎಂದು ಕೂಗಿದಳು. ಸೇಡಂನ ಶಾಸನಗಳು ಅದರಲ್ಲಿವೆ. ದಿನಾ ದರ್ಶನಕ್ಕೆ ಹೋಗುವ ದಾರಿಯ ಕಲ್ಲಿನಲ್ಲಿ ಏನಿದೆ ಎಂಬುದು ಆಕೆಗೆ ತಿಳಿದದ್ದು ಸೊಲ್ಲಾಪುರದಲ್ಲಿ.

ಈ ಗ್ರಂಥಮಾಲೆಯ ಕಥೆ ನಮ್ಮ ಪ್ರತಿಯೊಂದು ವ್ಯಾಪಾರಿ ಮನೆಯಲ್ಲಿ ತಿಳಿದಿರಬೇಕು. ಬ್ರಹ್ಮಚಾರಿ ಜೀವರಾಜ ಗೌತಮಚಂದ ದೋಶಿಯವರು ಸೊಲ್ಲಾಪುರದವರು. ಗಳಿಸಿದ ಹಣ ಧರ್ಮಕ್ಕೆ ಹೇಗೆ ಹಾಕಬೇಕೆಂದು ತಾವೊಬ್ಬರೇ ನಿರ್ಧರಿಸಲಿಲ್ಲ. ಊರೂರಿನ ಪಂಡಿತರ ಅಭಿಪ್ರಾಯ ಕೇಳಿದರು, 1941ರಲ್ಲಿ ನಾಸಿಕ ಹತ್ತಿರದ ಗಜಪಂಥ ಕ್ಷೇತ್ರದಲ್ಲಿ ಅವರನ್ನು ಕೂಡಿಸಿದರು. ಅಲ್ಲಿ ಆದ ನಿರ್ಣಯದಂತೆ ಜೈನ ಸಂಸ್ಕೃತಿ ಸಂರಕ್ಷಕ ಸಂಘ ಹುಟ್ಟಿತು. 1944ರಲ್ಲಿ ತಮ್ಮ ಸುಮಾರು ಎರಡು ಲಕ್ಷ ರೂಪಾಯಿಯ ಆಸ್ತಿಯನ್ನೆಲ್ಲ ಟ್ರಸ್ಟಿಗೆ ಬರೆದರು. ಗ್ರಂಥಮಾಲೆಯ ಸಂಪಾದಕರಲ್ಲಿ ಒಬ್ಬರು ನಮ್ಮ ಸದಲಗದ ಡಾಕ್ಟರ್ ಆ. ನೇ. ಉಪಾಧ್ಯೆ, 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದವರು. ಮೂಡಬಿದಿರೆಯಲ್ಲಿ ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಉಳಿದಿದ್ದ ಧವಲ ಗ್ರಂಥದ ಪರಿಷ್ಕೃತ ಮುದ್ರಣವೂ ಈ ಸಂಘದ್ದೇ. ಪುಸ್ತಕಗಳ ಮೇಲೆ ಫಲಟಣ ಗಲ್ಲಿಯ ವಿಳಾಸವಿದೆ. ಹುಡುಗಿಯರು ಮೂರು ವರ್ಷದಿಂದ ಆ ಪೇಟೆಯಲ್ಲಿ ಬಳೆ, ಬಟ್ಟೆ ಕೊಳ್ಳಲು ಓಡಾಡಿದವರು.

ಸಂಜೆ ಚಾದರ ಕೊಳ್ಳಲು ಹೊರಟರು. 1877ರಲ್ಲಿ ಮೊದಲ ಗಿರಣಿ ಆರಂಭವಾದ ಊರಿದು. ದೊಡ್ಡ ಗಿರಣಿಗಳು ಮುಚ್ಚಿದವು, ಮಗ್ಗಗಳು ಉಳಿದಿವೆ. ಆಂಧ್ರ-ತೆಲಂಗಾಣದ ಕಡೆಯಿಂದ ಬಂದ ಪದ್ಮಶಾಲಿ ನೇಕಾರರ ಕೈಯಲ್ಲಿ ಸೊಲ್ಲಾಪುರ ಚಾದರಕ್ಕೆ ಹೆಸರು ಬಂತು, ಭೌಗೋಳಿಕ ಗುರುತಿನ ನೋಂದಣಿಯೂ ಆಗಿದೆ. ಹಾಗಿದ್ದೂ ಬೇರೆ ಊರಿನ ಮಾಲಿಗೆ ಸೊಲ್ಲಾಪುರದ ಹೆಸರು ಹಚ್ಚಿ ಮಾರುವುದು ನಿಂತಿಲ್ಲ. ಕೊಳ್ಳುವವರು ಚೀಟಿ ನೋಡಿಯೇ ಕೊಳ್ಳಬೇಕು. ಹುಡುಗಿ ಅಜ್ಜಿಗೆಂದು ಒಂದು ಚಾದರ ಕೊಂಡಳು, ತನ್ನ ಸ್ವಂತ ದುಡ್ಡಿನಿಂದ.

ಐದರೊಳಗೆ ಊಟ ಮುಗಿಸಿ, ಹಾಸ್ಟೆಲಿಗೆ ಹೊರಡುವ ಮೊದಲು ಹುಡುಗಿ ನಮ್ಮ ಕೈಗೆ ಲೆಕ್ಕದ ಚೀಟಿ ಕೊಟ್ಟಳು. ಎರಡು ದಿನದ ಬಸ್ಸು, ಆಟೋ, ಶಸ್ತ್ರಾಗಾರದ ಟಿಕೀಟು, ಕಾಯಿಪಲ್ಲೆ, ಬಾಳೆಹಣ್ಣು. ಜಮಾ 2,000, ಖರ್ಚು 1,385, ಶಿಲ್ಕು 615. ಖರ್ಚಿನಲ್ಲಿ "ಇತರೆ 40" ಎಂದಿತ್ತು. ಲೆಕ್ಕದಲ್ಲಿ "ಇತರೆ" ಎಂಬ ಬಾಬು ನಮಗೆ ಆಗುವುದಿಲ್ಲ, ಗುಮಾಸ್ತರಿಗೂ ಅದನ್ನು ಬರೆಯಲು ಬಿಟ್ಟವರಲ್ಲ. ಏನಿದು ಎಂದು ಕೇಳಿದೆವು. ಅಕ್ಕಲಕೋಟಿ ಬಸ್ ಸ್ಟ್ಯಾಂಡಿನಲ್ಲಿ ಒಂದು ಸಣ್ಣ ಹುಡುಗ ಹಸಿದು ನಿಂತಿದ್ದ, ಉಳಿದ ಚಪಾತಿ ಅವನಿಗೆ ಕೊಟ್ಟೆ, ಜೊತೆಗೆ ಬಾಳೆಹಣ್ಣು ಕೊಡಿಸಿದೆ ಎಂದಳು. ಉಳಿದ ಚಪಾತಿ ಏನಾಯಿತೆಂದು ನಾವು ಶನಿವಾರ ಕೇಳಿರಲಿಲ್ಲ. "ಇತರೆ" ಹೊಡೆದು "ದಾನ" ಎಂದು ನಮ್ಮ ಕೈಯಿಂದಲೇ ತಿದ್ದಿದೆವು.

ಆ ಚೀಟಿಯ ಫೋಟೋ ಇಂಡಿಗೆ ಹೋಯಿತು. ರಾತ್ರಿ ಅಳಿಯ ಮತ್ತೆ ಫೋನು ಮಾಡಿ ಬಹಳ ಹೊತ್ತು ಮಾತಾಡಿದ. ಜರ್ಮನಿಯ ಬಗ್ಗೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಒಂದೇ ಪ್ರಶ್ನೆ ಕೇಳಿದ: "ಅಲ್ಲಿ ಹೊತ್ತು ಎಷ್ಟಕ್ಕ ಮುಳುಗ್ತದ್ರಿ?" ಅದನ್ನು ಹುಡುಗಿ ಮೊದಲೇ ನೋಡಿಟ್ಟಿದ್ದಳು. ಡಿಸೆಂಬರಿನಲ್ಲಿ ನಾಲ್ಕರಿಂದ ನಾಲ್ಕೂವರೆಯ ಸುಮಾರಿಗೆ ಕತ್ತಲು, ಜೂನಿನಲ್ಲಿ ಒಂಬತ್ತೂವರೆಯ ಮೇಲೂ ಬೆಳಕು. ಚಳಿಗಾಲದಲ್ಲಿ ಮಧ್ಯಾಹ್ನ ಮೂರಕ್ಕೆ ಊಟ ಮುಗಿಸಿ ಮುಂದಿನ ಬೆಳಗಿನವರೆಗೆ ಇರಬೇಕು, ಸಂಜೆಯ ತರಗತಿಗಳಿದ್ದರೆ ಹಸಿದೇ ಕೂಡಬೇಕು. ನಮ್ಮ ತಂಗಿ ಪಕ್ಕದಲ್ಲಿ ಕೇಳುತ್ತಿದ್ದವಳು, ಶನಿವಾರ ಒಂದು ಚಪಾತಿಯ ಮೇಲೆ ಮಲಗಿದಳಂತಲ್ಲ ಎಂದು ಕೇಳಿದಳು. ಹೌದು ಎಂದೆವು. ಆಮೇಲೆ ಆಕೆ ಏನೂ ಹೇಳಲಿಲ್ಲ. ಪ್ರವೇಶದ ಪತ್ರಗಳು ಬರಲು ಇನ್ನೂ ತಿಂಗಳುಗಳಿವೆ. ನಿರ್ಣಯ ಅವರ ಮನೆಯದು.

ಮುಂದಿನ ಪ್ರವಾಸ ಮಾತ್ರ ಗೊತ್ತಾಗಿದೆ. ಕುಂಥಲಗಿರಿ, ಧಾರಾಶಿವ ಜಿಲ್ಲೆಯ ಸಿದ್ಧಕ್ಷೇತ್ರ. ಕುಲಭೂಷಣ, ದೇಶಭೂಷಣ ಮುನಿಗಳು ಮೋಕ್ಷಕ್ಕೆ ಹೋದ ಸ್ಥಳ. ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದ ಮನೆತನದವರಾದ ಆಚಾರ್ಯ ಶಾಂತಿಸಾಗರ ಮಹಾರಾಜರು 1955ರ ಸೆಪ್ಟೆಂಬರ್ 18ರಂದು ಸಲ್ಲೇಖನ ವ್ರತದಿಂದ ದೇಹ ಬಿಟ್ಟದ್ದು ಅಲ್ಲಿ. ಅಕ್ಕಲಕೋಟೆಯ ಹಾಗೆ ಅರ್ಧ ದಿನದಲ್ಲಿ ಮುಗಿಯುವುದಿಲ್ಲ, ಒಂದು ದಿನ ಪೂರ್ತಿ ಬೇಕು, ಬೆಳಗ್ಗೆ ಬೇಗ ಹೊರಡಬೇಕು. ನಾಲ್ಕೂ ಹುಡುಗಿಯರು ಬರುತ್ತಾರೆ. ಈ ಸಲ ನಮ್ಮ ಅಳಿಯ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ತಾಯಿಯನ್ನು ಕರೆದುಕೊಂಡು ಇಂಡಿಯಿಂದ ಬರುತ್ತೇನೆ ಎಂದಿದ್ದಾನೆ. ಗಾಡಿ ಮಾಡಲೇ ಎಂದು ನಮ್ಮನ್ನು ಕೇಳಿದ. ಬಸ್ಸೋ ಗಾಡಿಯೋ, ಮಗಳನ್ನು ಕೇಳು ಎಂದು ಫೋನು ಆಕೆಯ ಕಡೆ ಹಾಕಿದೆವು.